ಮುತ್ಯಾ ಚರಗ ಚೆಲ್ಲಿದ ಗುಡ್ಡ

ಜಗತ್ ಸರ್ಕಲ್ಲಿನ ತಳ್ಳುಗಾಡಿಗೆ ಕಮಲಾಪುರದ ಕೆಂಪು ಬಾಳೆ ಬಂದಿದೆ ಎನ್ನುವುದು ನನ್ನ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಆಟೋಗಳ ಹೊಗೆ, ಮಿರ್ಚಿ ಭಜಿಯ ಎಣ್ಣೆ, ಎಲ್ಲವನ್ನೂ ದಾಟಿ ಬರುತ್ತದೆ ಆ ಸಿಹಿ ವಾಸನೆ. ಉಳಿದವರಿಗೆ ಬಾಯಲ್ಲಿ ನೀರೂರಿದರೆ ನನಗೆ ಕಿವಿ ಬಿಸಿಯಾಗುತ್ತದೆ. ಎಷ್ಟೋ ವರ್ಷದ ಹಿಂದಿನ ಮಾತು, ನಾಚಿಕೆ ಮಾತ್ರ ಇವತ್ತಿನದು. ನಮ್ಮ ಮನೆ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಈಗ ಅಲ್ಲಿ ಹುಡುಗರ ಹಾಸ್ಟೆಲ್ಲಿದೆ. ನಮ್ಮ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ರೊಟ್ಟಿ ಬಡಿಯುತ್ತಿದ್ದ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ಅಪ್ಪನ ಅಪ್ಪ ನಮಗೆ ಮುತ್ಯಾ. ವಾರವೆಲ್ಲ ಕಮಲಾಪುರದ ನಮ್ಮ ಹೊಲದ ಬಾಳೆತೋಟದಲ್ಲಿದ್ದು ಶನಿವಾರ ಹೆಗಲ ಮೇಲೆ ಗೊನೆ ಹೊತ್ತು ಬಸ್ಸಿಳಿಯುತ್ತಿದ್ದ. ಆಯಿ ಅದನ್ನು ಹುಲ್ಲಿನಲ್ಲಿ ಮುಚ್ಚಿ ಒಳಕೋಣೆಯಲ್ಲಿಡುತ್ತಿದ್ದಳು. ನಾಲ್ಕನೆಯ ದಿನಕ್ಕೆ ಹಾಸಿಗೆ, ಪುಸ್ತಕ, ನನ್ನ ಜಡೆ ಎಲ್ಲಕ್ಕೂ ಅದೇ ವಾಸನೆ ಹತ್ತುತ್ತಿತ್ತು.

ಮುತ್ಯಾನಿಗೆ ಒಂದು ನೇಮವಿತ್ತು. ನಮ್ಮ ಕಡೆ ಎಳ್ಳಮಾಸಿಯ ದಿನ ಹೊಲದ ತುಂಬ ಅಡುಗೆ ಎರಚುತ್ತ, ಕೂಗುತ್ತ, ಭೂಮಿತಾಯಿಗೆ ಉಣಿಸುವುದನ್ನು ಚರಗ ಚೆಲ್ಲುವುದು ಎನ್ನುತ್ತಾರೆ. ಎಲ್ಲರಿಗೂ ಅದು ವರ್ಷಕ್ಕೊಮ್ಮೆ. ಮುತ್ಯಾನಿಗೆ ಹಾಗಲ್ಲ, ಯಾವ ಮಣ್ಣಿನ ಮೇಲೆ ಬುತ್ತಿ ಬಿಚ್ಚಿದರೂ ಮೊದಲ ತುತ್ತು ಆ ಮಣ್ಣಿಗೆ. ಮನೆಯಲ್ಲಿ ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ, ನೇಮ ಮಾತ್ರ ಬಿಡುತ್ತಿರಲಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದಾಗ ಕಮಲಾಪುರದ ಆಚೆಯ ಗುಡ್ಡದಲ್ಲಿ ಹೊಸದಾಗಿ ಉದ್ಯಾನ ಮಾಡಿದರು. ಕಲ್ಲು ಹಾಸಿದ ಕಾಲುದಾರಿ, ತಿರುವಿಗೊಂದು ಕಟ್ಟೆ, ತುದಿಯಲ್ಲಿ ಕಬ್ಬಿಣದ ಕಟಕಟೆ. ಅಲ್ಲಿ ನಿಂತರೆ ಸುತ್ತಲಿನ ಸೀಮೆಯೆಲ್ಲ ಕಾಣುತ್ತದಂತೆ ಎಂದು ಶಾಲೆಯಲ್ಲಿ ಒಂದೇ ಸುದ್ದಿ. ನಾನು ಮನೆಯಲ್ಲಿ ಹಟ ಹಿಡಿದೆ. "ನಾ ಕರ್ಕೊಂಡ್ ಹೋಗ್ತೀನಿ ಬಾ ಯವ್ವ," ಎಂದ ಮುತ್ಯಾ. "ಹೊಲದಾಗ ನಿಂತು ಗುಡ್ಡ ನೋಡೇ ಜಲ್ಮ ಹೋತು. ಗುಡ್ಡದ ಮ್ಯಾಲಿಂದ ನಮ್ಮ ಹೊಲ ಹೆಂಗ ಕಾಣ್ತದೋ, ನಾನೂ ನೋಡಿಲ್ಲ." ಅವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೇವಿನ ಗಿಡ ಎಲ್ಲಿ, ಬಾವಿ ಎಲ್ಲಿ ಎಂದು ತೋರಿಸುವುದು ನನ್ನ ಕೆಲಸವೆಂದು ಮಾತಾಯಿತು. ಆಯಿ ಹೊರಡುವಾಗ ಎರಡು ಸಲ ಹೇಳಿದಳು: "ಮುತ್ಯಾನ ಕೈ ಬಿಡಬ್ಯಾಡ ನೋಡು."

ಮೇಲೆ ಹತ್ತುವವರೆಗೆ ಬಿಡಲಿಲ್ಲ. ತುದಿಯ ಕಟ್ಟೆಯ ಮೇಲೆ ಕುಳಿತು ಮುತ್ಯಾ ಬುತ್ತಿ ಬಿಚ್ಚಿದ. ಸಜ್ಜೆ ರೊಟ್ಟಿ ಮುರಿದು, ಕೆಂಪು ಬಾಳೆಹಣ್ಣು ಹಿಸುಕಿ ಕಲಸಿ, ಎದ್ದು ನಿಂತು ಹೂವಿನ ಮಡಿಗಳ ಮೇಲೆ ಎರಚಿದ. ಜತೆಗೆ ಚರಗದ ಕೂಗು ಬೇರೆ, ಗುಡ್ಡಕ್ಕೆ ಗುಡ್ಡವೇ ತಿರುಗಿ ನೋಡುವ ಹಾಗೆ. ಕಾವಲುಗಾರ ಓಡಿ ಬಂದ. "ಏ ಮುದುಕಾ, ಇದೇನ್ ನಿಮ್ಮಪ್ಪನ ಹೊಲ ಅಂತ ತಿಳ್ದೀಯೇನ? ಏನ್ ಚೆಲ್ಲಾಕತ್ತೀ?" ಮುತ್ಯಾ ಕೈ ಮುಗಿದು, "ತಪ್ಪಾತ್ರೀ ಸಾಹೇಬ್ರ," ಎಂದು ಮೊಣಕಾಲೂರಿ, ತಡವರಿಸುತ್ತ ಚೂರುಗಳನ್ನು ಆಯತೊಡಗಿದ. ಜನ ನಕ್ಕರು. ಆ ನಗುವಿನ ನಡುವೆ ನನ್ನ ತರಗತಿಯ ನಂದಿನಿ ಅಪ್ಪ ಅಮ್ಮನ ಜೊತೆ ನಿಂತಿದ್ದಳು. ಅವರು ಮೈಸೂರು ಕಡೆಯವರು, ಅವಳ ಬಿಳಿ ಬೂಟಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. "ಯಾರೇ ಅದು? ನಿನ್ನ ಜೊತೆ ಬಂದಿರೋದಾ?" ಎಂದಳು.

"ನಮ್ಮ ಹೊಲದ ಆಳು," ಎಂದೆ.

ನನ್ನ ನಾಲಿಗೆಗೆ ಹುಳ ಬೀಳಲಿ. ಕಣ್ಣು ಮಂಜಾದವನ ಕಿವಿ ಚುರುಕಾಗಿರುತ್ತದೆ. ಮುತ್ಯಾನ ಕೈ ಒಂದು ಗಳಿಗೆ ಮಣ್ಣಿನಲ್ಲೇ ನಿಂತಿತು. ಆಮೇಲೆ ಎದ್ದು, ರುಮಾಲು ಸರಿಮಾಡಿಕೊಂಡು, ಚೀಲ ಹೆಗಲಿಗೇರಿಸಿ, "ಅಕ್ಕಾರ, ಹೊತ್ತಾತ್ರಿ, ಇಳಿಯೂಣೇನ್ರಿ?" ಎಂದ. ಅಕ್ಕಾರ ಎಂದ, ನನಗೆ! ಕಟಕಟೆಯ ಕಡೆಗೆ ಹೋಗಲೇ ಇಲ್ಲ, ಹೊಲ ತೋರಿಸು ಎನ್ನಲಿಲ್ಲ. ನಂದಿನಿಯವರು ಅದೇ ದಾರಿಯಲ್ಲಿ ಇಳಿಯುತ್ತಿದ್ದರು. ನಾನು ಅವಳ ಪಕ್ಕದಲ್ಲಿ ನಡೆದೆ. ಮುತ್ಯಾ ಹತ್ತು ಹೆಜ್ಜೆ ಹಿಂದೆ, ಆಳು ನಡೆಯಬೇಕಾದ ಹಾಗೆ, ಪ್ರತಿ ಕಲ್ಲಿನ ಅಂಚನ್ನೂ ಕಾಲಿನಿಂದ ಹುಡುಕುತ್ತ. ಒಂದು ಕಡೆ ಚಪ್ಪಲಿ ಜಾರಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಅವರ ಕಾರು ಹೋದ ಮೇಲೆ, ಬಸ್ಸಿನಲ್ಲಿ, ಉಳಿದ ಒಂದು ಬಾಳೆಹಣ್ಣನ್ನು ಸುಲಿದು ನನ್ನ ಕೈಗಿಟ್ಟ. "ತಿನ್ನ ಯವ್ವ. ಏನೂ ಉಂಡಿಲ್ಲ ನೀ." ಅಂಗೈ ತರಚಿ ರಕ್ತ ಬಂದಿತ್ತು. ನಾನು ತಿಂದೆ. ಪೂರ್ತಿ ತಿಂದೆ. ಮನೆಯಲ್ಲಿ ಆಯಿ ಕೇಳಿದಾಗ ಹೊಲವನ್ನು ಕಂಡವನ ಹಾಗೆಯೇ ವರ್ಣಿಸಿದ: ಬೇವು ಹಿಂಗ, ಬಾವಿ ಹಂಗ. ಕೊನೆಗೆ, "ಭಾಳ ಶಾಣೇಕಿ ಅದಾಳ ನಿನ್ನ ಮೊಮ್ಮಗಳು. ಕೈ ಬಿಡಲೇ ಇಲ್ಲ," ಎಂದ. ಆ ಸುಳ್ಳು ನಮ್ಮ ಮನೆಯಲ್ಲಿ ನಿಜವಾಗಿ ಬಾಳಿತು. ಅವನು ತೀರಿಕೊಂಡ ದಿನ ಆಯಿ ನನ್ನನ್ನು ತಬ್ಬಿಕೊಂಡು ಬಂದವರಿಗೆಲ್ಲ ಹೇಳಿದಳು: "ಮುತ್ಯಾನ ಕೈ ಬಿಡದಾಕಿ ರೀ ಇಕಿ." ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಎಲ್ಲರೂ ಅದನ್ನು ದುಃಖವೆಂದೇ ತಿಳಿದರು. ಈಗ ನಿಜ ಹೇಳೋಣವೆಂದರೆ ಕೇಳಲು ಆಯಿಯೂ ಇಲ್ಲ.

ಹೋದ ತಿಂಗಳು ಒಬ್ಬಳೇ ಆ ಗುಡ್ಡ ಹತ್ತಿದೆ. ಕಟಕಟೆ ತುಕ್ಕು ಹಿಡಿದಿದೆ. ಹೊಲ ಬೇರೆಯವರದಾಗಿದೆ, ಆದರೆ ಬೇವಿನ ಗಿಡ ಇನ್ನೂ ಇದೆ. ಇಷ್ಟು ದೂರದಿಂದಲೂ ಗುರುತು ಸಿಕ್ಕಿತು. "ನೋಡು, ಬೇವು ಅಲ್ಲಿ ಅದ," ಎಂದು ಬೆರಳು ಮಾಡಿದೆ, "ಅದರ ಎಡಕ್ಕ ಬಾವಿ." ಗಟ್ಟಿಯಾಗಿಯೇ ಅಂದೆನೋ ಏನೋ, ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಹೆಣ್ಣುಮಗಳು ತಿರುಗಿ, "ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು.

"ನಮ್ಮ ಮುತ್ಯಾನ ಜೋಡಿ ರೀ," ಎಂದೆ.

ಅವಳು ನನ್ನ ಹಿಂದೆ ಕಾಲುದಾರಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.