ಬೀರು ಕುಡಿಯದ ಈರಪ್ಪ

ಮೂವತ್ತು ವರ್ಷ ಬಾರಿನ ಕೌಂಟರಿನ ಹಿಂದೆ ನಿಂತರೂ ಈರಪ್ಪ ಒಂದು ಹನಿ ಮದ್ಯವನ್ನು ನಾಲಿಗೆಗೆ ಮುಟ್ಟಿಸಿದವನಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯೊಳಗೆ ಲಿಂಗ, ಮೇಲೆ ಕ್ಲಬ್ಬು ಕೊಟ್ಟ ಕಪ್ಪು ಕೋಟು. ಹೊಸದಾಗಿ ಬಂದ ಸದಸ್ಯರು ಅವನನ್ನು ನೋಡಿ, ತಾವು ಬಾಗಿಲು ತಪ್ಪಿ ಬಂದೆವೇನೋ ಎಂಬಂತೆ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಅವನು ಮಾತ್ರ ನಗುತ್ತ, "ಬರ್ರಿ ಸಾಹೇಬ್ರ, ಇದ ಬಾರು" ಅನ್ನುತ್ತಿದ್ದ.

ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ಕ್ಲಬ್ಬಿನಲ್ಲಿ ನಾವೆಲ್ಲರೂ ಅವನಿಗೆ ಏಕವಚನವನ್ನೇ ಬಳಸುತ್ತಿದ್ದೆವು. ಈಗ ಬರೆಯುವಾಗ ಅದನ್ನು ಬಹುವಚನಕ್ಕೆ ತಿದ್ದಿದರೆ ಅದೂ ಒಂದು ಸುಳ್ಳಾದೀತೆಂದು ಹಾಗೇ ಬಿಟ್ಟಿದ್ದೇನೆ. ಈರಪ್ಪನ ವಿಷಯದಲ್ಲಿ ನಾನು ಆಡಿದ ಒಂದು ಸುಳ್ಳೇ ಸಾಕು.

ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ನಮ್ಮ ಕ್ಲಬ್ಬು. ಒಂದು ಟೆನಿಸ್ ಕೋರ್ಟು, ಇಸ್ಪೀಟಿನ ಕೋಣೆ, ಹಿಂದೆ ನದಿಗೆ ಮುಖ ಮಾಡಿದ ಬಾರು. ಈರಪ್ಪ ಮುಂಡಗೋಡ ತಾಲೂಕಿನ ಇಂದೂರಿನವನು. ಹೆಂಡತಿ ಗಂಗವ್ವ ಅಲ್ಲೇ ಎರಡು ಎಮ್ಮೆ ಕಟ್ಟಿಕೊಂಡು ಇದ್ದರು. ಇವನು ದಾಂಡೇಲಿಯಲ್ಲಿ ಒಂದು ಕೋಣೆ ಹಿಡಿದಿದ್ದ, ವಾರದ ರಜೆಗೆ ಊರಿಗೆ ಹೋಗಿ ಬರುತ್ತಿದ್ದ. ಕ್ಲಬ್ಬಿಗೆ ಸೇರಿದ್ದು ತೋಟದ ಕೆಲಸಕ್ಕೆ. ಆಗಿನ ಬಾರಿನವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ, ಸಂಜೆಯ ಮಟ್ಟಿಗೆ ನಿಲ್ಲು ಎಂದು ಇವನನ್ನು ಒಳಗೆ ಕರೆದರಂತೆ. ಆ ಸಂಜೆ ಮೂವತ್ತು ವರ್ಷವಾಯಿತು. ಲಿಂಗ ಕಟ್ಟಿದವನು ಹೆಂಡ ಹಂಚುತ್ತಾನೆಂದು ಮಾವ ಮೂರು ವರ್ಷ ಮಾತು ಬಿಟ್ಟಿದ್ದನಂತೆ. "ಅಂವಗೂ ಹೇಳಿದ್ನಿರಿ, ನಾ ಕುಡಿಯಾಂವಲ್ಲ, ನೋಡಾಂವ ಅಂತ. ನಂಬಲಿಲ್ಲ. ನಮ್ಮ ಗಂಗವ್ವ ನಂಬಿದ್ಲು, ಸಾಕಾತು" ಅನ್ನುತ್ತಿದ್ದ.

ಅವನು ನೋಡುವ ರೀತಿಯೇ ಒಂದು ನೋಟವಾಗಿತ್ತು. ಬೀರು ಸುರಿದ ಕೂಡಲೇ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿಯುವನು. ಮೂಗಿನ ಹತ್ತಿರ ತಂದು ಒಮ್ಮೆ ಉಸಿರೆಳೆಯುವನು. ಆಮೇಲೆ ಕಿವಿಗೆ ಹಿಡಿದು ನೊರೆ ಒಡೆಯುವ ಸದ್ದನ್ನು ಕೇಳುವನು. ಸರಿಯಿಲ್ಲವೆನಿಸಿದರೆ ಏನೂ ಹೇಳದೆ ಅದನ್ನು ಬದಿಗಿಟ್ಟು ಇನ್ನೊಂದು ಬಾಟಲಿ ತೆರೆಯುವನು. ಕುಡಿಯದೆ ನಿನಗೆ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದ್ದೆ. "ಹೈನದ ಮನ್ಯಾಗ ಹುಟ್ಟಿದಾಂವ್ರಿ ನಾ. ನಮ್ಮವ್ವ ದಿನಾ ಹಾಲು ಕುಡದು ನೋಡ್ತಿದ್ಲೇನು? ಗಿಂಡಿ ಮೂಸಿ ಹೇಳ್ತಿದ್ಲು, ಇದು ಸಂಜಿಮಟ ತಡಿಯಂಗಿಲ್ಲ ಅಂತ. ಹೇಳಿದ್ದ ಒಂದಿನಾನೂ ಸುಳ್ಳಾಗಿದ್ದಿಲ್ಲ" ಎಂದ.

ಜನರನ್ನೂ ಹಾಗೆಯೇ ನೋಡುತ್ತಿದ್ದ. ಅಂಬಿಕಾನಗರದ ಕ್ವಾರ್ಟರ್ಸಿನಿಂದ ಒಬ್ಬ ಎಂಜಿನಿಯರರು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ದಿನವೂ ಬರತೊಡಗಿದರು. ಅವರು ಮೂರನೆಯ ಗ್ಲಾಸು ಕೇಳಿದಾಗ ಈರಪ್ಪ ಇಲ್ಲವೆನ್ನುತ್ತಿರಲಿಲ್ಲ. ತರುತ್ತೇನೆಂದು ಒಳಗೆ ಹೋಗಿ, ತನ್ನ ಡಬ್ಬಿಯಲ್ಲಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಡುತ್ತಿದ್ದ. ಮೊದಲು ಇದನ್ನು ತಿನ್ನಿರಿ, ಅದೆಲ್ಲಿ ಓಡಿ ಹೋಗುತ್ತದೆ ಅನ್ನುತ್ತಿದ್ದ. ಅವರು ತಿಂದು ಮುಗಿಸುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತಿತ್ತು. ಹೀಗೆ ಒಂದು ಮಳೆಗಾಲವಿಡೀ ನಡೆಯಿತು. ಅವರು ವರ್ಗವಾಗಿ ಹೋಗುವ ದಿನ ಬಾರಿಗೆ ಬಂದರು, ಕುಡಿಯಲಿಲ್ಲ. ಈರಪ್ಪನ ಎರಡೂ ಕೈ ಹಿಡಿದುಕೊಂಡು ನಿಂತು ಹೋದರು.

ಇನ್ನು ನನ್ನ ಕಥೆ. ನಾನು ಪುಣೆಯಲ್ಲಿ ಆರು ವರ್ಷ ಇದ್ದು ಬಂದವನು. ಜೋಯಿಡಾ ರಸ್ತೆಯಲ್ಲಿ ನನ್ನದೊಂದು ಹೋಮ್‌ಸ್ಟೇ ಇದೆ. ಕ್ಲಬ್ಬಿನ ಸೆಕ್ರೆಟರಿಯಾದ ವರ್ಷ, ಬಾಟಲಿಯ ಬೀರು ಹಳೆಯದಾಯಿತು, ಈಗ ಸಣ್ಣ ಸಣ್ಣ ಬ್ರೂವರಿಗಳ ಕ್ರಾಫ್ಟ್ ಬೀರಿನ ಕಾಲ, ನಮ್ಮಲ್ಲೂ ಪೀಪಾಯಿಯಿಂದ ನೇರ ಬೀರು ಸುರಿಯುವ ಒಂದು ನಲ್ಲಿ ಹಾಕಿಸೋಣ ಎಂದು ಹಟ ಹಿಡಿದವನು ನಾನೇ. ಪುಣೆಯಲ್ಲಿ ಹತ್ತಾರು ಬಗೆ ಕುಡಿದಿದ್ದೇನೆ, ವಾಸನೆಯಲ್ಲೇ ಹೇಳಬಲ್ಲೆ ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದೆ. ನಿಜವೆಂದರೆ, ಪುಣೆಯಲ್ಲಿ ನಾನು ಅಂಥ ಜಾಗಕ್ಕೆ ಹೋದದ್ದು ಎರಡೇ ಸಲ, ಅದೂ ಬೇರೆಯವರು ಕರೆದುಕೊಂಡು ಹೋಗಿದ್ದರು.

ಮೂರು ಕಂಪನಿಗಳಿಂದ ಸ್ಯಾಂಪಲ್ ಬಂತು. ಒಂದು ಕಾಫಿಯ ವಾಸನೆಯ ಕಪ್ಪು ಬೀರು, ಒಂದು ತಿಳಿಯಾದ ಸಾದಾ ಬೀರು, ಇನ್ನೊಂದು ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿ ಮಾಡಿದ, ಸೋಸದ ಗೋಧಿ ಬೀರು. ಈ ಮೂರನೆಯದು ಬೆಳಗಾವಿ ಕಡೆಯ ಒಂದು ಬ್ರೂವರಿಯದು. ಅವರ ಮಾರಾಟದವನು ನನ್ನನ್ನು ಕರೆಸಿ, ಊಟ ಹಾಕಿಸಿ, ನಿಮ್ಮಂಥ ತಿಳಿದವರು ಸಿಗುವುದೇ ಅಪರೂಪ ಎಂದಿದ್ದ. ಆ ಒಂದು ಮಾತಿಗೆ ನಾನು ಅಲ್ಲೇ ಮನಸ್ಸು ಮಾಡಿ ಬಂದಿದ್ದೆ.

ಆದರೂ ಅಧ್ಯಕ್ಷರಾದ ಪಾಟೀಲರು, ಎಲ್ಲವೂ ನ್ಯಾಯವಾಗಿ ನಡೆಯಲಿ ಎಂದು, ಬಾಟಲಿಗಳಿಗೆ ಪೇಪರು ಸುತ್ತಿ ನಂಬರು ಬರೆದು ಇಡುವಂತೆ ಈರಪ್ಪನಿಗೆ ಹೇಳಿದ್ದರು. ಕಮಿಟಿಯ ಐದು ಜನ ರವಿವಾರ ಹನ್ನೊಂದಕ್ಕೆ ಕೂಡಿ ರುಚಿ ನೋಡಿ ಆರಿಸುವುದು ಎಂದಾಗಿತ್ತು. ನಾನು ಹತ್ತಕ್ಕೇ ಹೋದೆ. ಬಾರಿನಲ್ಲಿ ಯಾರೂ ಇಲ್ಲವೆಂದುಕೊಂಡು ಒಂದೊಂದೇ ಬಾಟಲಿಯ ಪೇಪರನ್ನು ಕೆಳಗಿನಿಂದ ಸರಿಸಿ ಲೇಬಲ್ಲು ನೋಡಿಕೊಂಡೆ. ತಿರುಗಿದರೆ, ಈರಪ್ಪ ಒಳಬಾಗಿಲಲ್ಲಿ ಗ್ಲಾಸು ಒರೆಸುತ್ತ ನಿಂತಿದ್ದ. ಅವನು ನೋಡಿದ. ನಾನು ನೋಡಿದೆ. "ಛಾ ಕುಡೀತೀರೇನ್ರಿ?" ಎಂದ, ಅಷ್ಟೇ.

ಹನ್ನೊಂದಕ್ಕೆ ಎಲ್ಲರೂ ಬಂದರು. ನಾನು ಮೂರನೆಯ ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಗೋಧಿ, ಕಿತ್ತಳೆ ಸಿಪ್ಪೆ, ಕೊನೆಗೆ ಸ್ವಲ್ಪ ಕೊತ್ತಂಬರಿ ಎಂದು ಒಂದೊಂದಾಗಿ ಹೇಳಿದೆ. ಪೇಪರು ಬಿಚ್ಚಿ ನೋಡಿ ಎಲ್ಲರೂ ಬೆರಗಾದರು. ಪಾಟೀಲರು ಬೆನ್ನು ತಟ್ಟಿದರು. ಆಮೇಲೆ ಕೌಂಟರಿನ ಕಡೆ ತಿರುಗಿ, ಈರಪ್ಪ, ಸುರಿಯುವವನು ನೀನು, ನಿನಗೇನನಿಸುತ್ತದೆ ಎಂದು ಕೇಳಿದರು.

ಅವನು ಮೂರೂ ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, ಕಿವಿಗೆ ಹಿಡಿದಾಗಿತ್ತು. "ಮೂರನೇದ್ದು ಭಾಳ ಚಲೋ ಐತ್ರಿ, ಸುಳ್ಳಲ್ಲ. ಆದ್ರ ಅದು ಜೀವಂತ ಐತಿ. ಸೋಸಿಲ್ಲ, ಕಾಸಿಲ್ಲ. ಬೆಳಗಾವಿಂದ ಇಲ್ಲಿಮಟ ತಂಪಿನ್ಯಾಗ ಬರಬೇಕು, ಇಲ್ಲೂ ತಂಪಿನ್ಯಾಗ ಇರಬೇಕು. ನಮ್ಮಲ್ಲಿ ಕರೆಂಟ್ ಹೆಂಗೈತಿ ನಿಮಗ ಗೊತ್ತೈತಿ. ಎರಡನೇದ್ದು ತಗೋರಿ. ಸಾದಾ ಐತಿ, ಖರೆ ತಡೀತೈತಿ."

ಎಲ್ಲರೂ ಎರಡನೆಯ ಗ್ಲಾಸಿನ ಕಡೆ ನೋಡಿದರು. ಅವನ ಮಾತು ಸರಿಯೆಂದು ಎಲ್ಲರಿಗೂ ಅನ್ನಿಸುತ್ತಿದೆ ಎಂಬುದು ನನಗೆ ಗೊತ್ತಾಯಿತು. ನಾನು ನಕ್ಕು ಹೇಳಿದೆ: "ಈಜ ಬರಲಾರದಾಂವ ಹೊಳಿ ಆಳ ಹೇಳಿದಂಗಾತು. ಒಂದು ಹನಿ ನಾಲಿಗಿ ಮ್ಯಾಲೆ ಇಟ್ಟಾಂವಲ್ಲ ನೀ. ನಿನಗೇನ್ ತಿಳೀತೈತಿ ಈರಪ್ಪ?" ಎಲ್ಲರೂ ನಕ್ಕರು. ಈರಪ್ಪನೂ ನಕ್ಕ. ಬೆಳಿಗ್ಗೆ ಹತ್ತು ಗಂಟೆಗೆ ತಾನು ಕಂಡದ್ದನ್ನು ಅವನು ಆಗ ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಗ್ಲಾಸುಗಳನ್ನು ಎತ್ತಿಕೊಂಡು ತೊಳೆಯಲು ಹೋದ. ಗೋಧಿ ಬೀರೇ ಆಯ್ಕೆಯಾಯಿತು.

ಏಪ್ರಿಲ್‌ನ ಒಂದು ರವಿವಾರ ಮಧ್ಯಾಹ್ನದ ಊಟಕ್ಕೆ ನಲ್ಲಿಯ ಉದ್ಘಾಟನೆ ಎಂದು ನಿಗದಿಯಾಯಿತು. ಶುಕ್ರವಾರ ಬೆಳಗಾವಿಯಿಂದ, ಜೋಯಿಡಾ ತಾಲೂಕಿನ ರಾಮನಗರದ ಮೇಲೆ ಹಾದು, ಗಾಡಿ ಬಂತು. ಬೀರಿನ ಸ್ಟೀಲು ಪೀಪಾಯಿಯನ್ನು ನೇರ ಕ್ಲಬ್ಬಿಗೆ ಕಳಿಸಬೇಕಿತ್ತು. ನಾನು ನನ್ನ ಹೋಮ್‌ಸ್ಟೇಯಲ್ಲಿ ಇಳಿಸಿಕೊಂಡೆ. ಅತಿಥಿಗಳಿಗೆ ತೋರಿಸಿ ಫೋಟೋ ತೆಗೆಸಿಕೊಂಡೆ. ರವಿವಾರ ನಾನೇ ಜೀಪಿನಲ್ಲಿ ಹೇರಿಕೊಂಡು ಎಲ್ಲರೆದುರು ಕ್ಲಬ್ಬಿಗೆ ತರಬೇಕೆಂಬ ಆಸೆ. ಪೀಪಾಯಿಯನ್ನು ಜೀಪು ನಿಲ್ಲಿಸುವ ತಗಡಿನ ಶೆಡ್ಡಿನಲ್ಲಿ ಇರಿಸಿದೆ. ಶುಕ್ರವಾರ ಸಂಜೆಯೇ ಈರಪ್ಪ ಫೋನು ಮಾಡಿ, ಕೋಲ್ಡ್ ರೂಮು ಖಾಲಿ ಮಾಡಿದ್ದೇನೆ, ತಂದುಬಿಡಿ ಎಂದ. ನಾಳೆ ಎಂದೆ. ಶನಿವಾರ ಎರಡು ಸಲ ಮಾಡಿದ. ಎರಡನೆಯ ಸಲ ನಾನು ಎತ್ತಲಿಲ್ಲ.

ರವಿವಾರ ಬೆಳಿಗ್ಗೆ ನಾನು ಪೀಪಾಯಿ ತಂದಾಗ ಈರಪ್ಪ ನಲ್ಲಿಯ ಪೈಪನ್ನು ಮೂರನೆಯ ಸಲ ತೊಳೆಯುತ್ತಿದ್ದ. ಪೀಪಾಯಿಯ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ಹಾಗೇ ತೆಗೆದು, ಇದನ್ನು ಇವತ್ತು ತೆರೆಯುವುದು ಬೇಡ, ಕೆಟ್ಟ ಹೆಸರು ಬರುತ್ತದೆ ಎಂದು ಮೆಲ್ಲಗೆ ಹೇಳಿದ. ಮೂರು ತಾಸು ತಂಪಿನಲ್ಲಿಡು, ಎಲ್ಲಾ ಸರಿಹೋಗುತ್ತದೆ ಎಂದು ಗದರಿಸಿದೆ.

ಅರವತ್ತು ಜನ ಸೇರಿದ್ದರು, ಹೆಂಗಸರು ಮಕ್ಕಳೂ ಇದ್ದರು. ಪಾಟೀಲರು ನಲ್ಲಿ ತಿರುಗಿಸಿದರು. ಮೊದಲು ಬರೀ ನೊರೆ ಬಂತು, ಗ್ಲಾಸು ತುಂಬಿ ಕೌಂಟರಿನ ಮೇಲೆಲ್ಲ ಹರಿಯಿತು. ಆಮೇಲೆ ಬಂದದ್ದನ್ನು ಅವರು ಒಂದು ಗುಟುಕು ಕುಡಿದು, ಕರ್ಚೀಪಿನಲ್ಲಿ ಉಗುಳಿದರು. ಹುಳಿ ಮಜ್ಜಿಗೆಯ ನಾತ ಇಡೀ ಬಾರಿಗೆ ಹಬ್ಬಿತು. ಏನಾಯಿತು ಎಂದು ಅವರು ನನ್ನನ್ನು ಕೇಳಿದರು.

"ಪೈಪು ಸರಿಯಾಗಿ ತೊಳದಂಗಿಲ್ಲ ಅನ್ನಸ್ತೈತ್ರಿ" ಎಂದೆ.

ಗಾಬರಿಯಲ್ಲಿ ಬಾಯಿಗೆ ಬಂದ ಮಾತು ಅದು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಲ್ಲ. ಯೋಚಿಸಿಯೇ ಹೇಳಿದ್ದು. ಯೋಚಿಸಲು ಅಷ್ಟು ಹೊತ್ತೇ ಸಾಕಾಗಿತ್ತು.

ಅರವತ್ತು ಜನರೂ ಈರಪ್ಪನ ಕಡೆ ನೋಡಿದರು. ಅವನು ನನ್ನ ಮುಖವನ್ನು ಒಂದು ಸಲ ನೋಡಿದ. ನಾನು ನದಿಯ ಕಡೆ ತಿರುಗಿದೆ. ಅವನು ಹರಿದ ಬೀರನ್ನು ಒರೆಸತೊಡಗಿದ.

ಮರುದಿನವೇ ಅವನನ್ನು ಕೌಂಟರಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಟೆನಿಸ್ ಚೆಂಡು, ಟವೆಲು, ಇಸ್ಪೀಟಿನ ಕಟ್ಟು ಕೊಡುವ ಕೆಲಸ. ಮೂವತ್ತು ವರ್ಷ ಗ್ಲಾಸಿನ ಮೇಲೆ ಬೆರಳಿನ ಗುರುತು ಉಳಿಯಗೊಡದವನಿಗೆ, ಬಂದವರೆಲ್ಲ ತಮಾಷೆಗೆ, ಪೈಪು ತೊಳೆದೆಯೇನೋ ಈರಪ್ಪ ಎನ್ನತೊಡಗಿದರು. ಅವನು ನಗುತ್ತಿದ್ದ. ಒಂದು ದಿನ ನನ್ನೆದುರಿಗೇ ಯಾರೋ ಅಂದರು. ನಾನೂ ನಕ್ಕೆ. ವರ್ಷ ತುಂಬುವ ಮೊದಲೇ ಅವನು ಕೆಲಸ ಬಿಟ್ಟ. ಸೆಕ್ರೆಟರಿಯೆಂದು ಶಾಲು ಹೊದಿಸಿದವನು ನಾನೇ.

ಎರಡು ವರ್ಷದ ಮೇಲೆ, ತಡೆಯಲಾರದೆ, ಇಂದೂರಿಗೆ ಹೋದೆ. ಗಂಗವ್ವ ಚಾಪೆ ಹಾಸಿ, ಅವಲಕ್ಕಿ ಕೊಟ್ಟು, ಇವರು ದಿನಾ ನಿಮ್ಮನ್ನು ನೆನೆಯುತ್ತಾರೆ ಎಂದರು. ಕಾಲು ನೋವು ಅಂತ ಹೇಳಿಕೊಂಡಾಗ ನೀವೇ ಮುಂದೆ ನಿಂತು, ಕೂತು ಮಾಡುವ ಕೆಲಸ ಕೊಡಿಸಿದಿರಂತೆ, ನಿಮ್ಮ ಉಪಕಾರ ದೊಡ್ಡದು ಎಂದು ಕೈ ಮುಗಿದರು. ಸ್ಟೋರಿಗೆ ಹಾಕಿದ್ದನ್ನು ಈರಪ್ಪ ಮನೆಯಲ್ಲಿ ಹೀಗೆ ಹೇಳಿದ್ದ. ಅವಲಕ್ಕಿಯ ತಟ್ಟೆ ಕೆಳಗಿಟ್ಟು ಎದ್ದೆ.

ಅವನು ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ಬಹಳ ಇಳಿದುಹೋಗಿದ್ದ. ಅಲ್ಲಿ ನಿಂತು ನಾನು ಎಲ್ಲವನ್ನೂ ಹೇಳಿದೆ, ಪೇಪರು ಸರಿಸಿದ್ದು, ಶೆಡ್ಡು, ಫೋನು ಎತ್ತದಿದ್ದದ್ದು, ಸುಳ್ಳು. ಅಂದು ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವನಿಗೆ 'ನೀವು' ಎಂದದ್ದು ಅದೇ ಮೊದಲು.

"ನಾ ಹೇಳಿದ್ರ ಯಾರು ನಂಬ್ತಿದ್ರಿ? ಸೆಕ್ರೆಟರಿ ಒಂದ ಹೇಳಿ, ಬಾರಿನಾಂವ ಇನ್ನೊಂದ ಹೇಳಿದ್ರ?" ಎಮ್ಮೆಯ ಬೆನ್ನ ಮೇಲೆ ಇನ್ನೊಂದು ತಂಬಿಗೆ ನೀರು ಹಾಕಿದ. "ಈಗರ ನನಗ ಯಾಕ ಹೇಳಾಕ ಬಂದ್ರಿ ಸಾಹೇಬ್ರ? ನನಗ ಗೊತ್ತಿದ್ದದ್ದ ಅದು. ಗೊತ್ತಿಲ್ಲದವ್ರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಅವನು ರಸ್ತೆಯವರೆಗೆ ಬಂದು ಕಳಿಸಿಕೊಟ್ಟ. ಅದೇ ಕೊನೆಯ ಭೇಟಿ.

ಆ ತಿಂಗಳು ಹೇಳಲಿಲ್ಲ. ಮುಂದಿನ ತಿಂಗಳೂ ಹೇಳಲಿಲ್ಲ. ಹೋದ ವರ್ಷ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಪಾಟೀಲರು, ನಮ್ಮ ಹಳೆಯ ಈರಪ್ಪ ತೀರಿಕೊಂಡನಂತೆ, ಒಂದು ನಿಮಿಷ ನಿಲ್ಲೋಣ ಎಂದರು. ಎಲ್ಲರೂ ನಿಂತು ಕೂತರು. ನಾನು ಕೂರಲಿಲ್ಲ. ಅಂದು ಬೀರು ಕೆಟ್ಟದ್ದು ಈರಪ್ಪನಿಂದಲ್ಲ, ತಪ್ಪು ನನ್ನದು ಎಂದೆ.

ಶೆಡ್ಡಿನ ಸಂಗತಿ ಹೇಳಲು ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪಾಟೀಲರು ಕಣ್ಣು ಒರೆಸಿಕೊಂಡು ಎದ್ದರು. "ಸತ್ತ ಒಬ್ಬ ಆಳಿನ ತಪ್ಪನ್ನ ತನ್ನ ಮ್ಯಾಲೆ ಹಾಕ್ಕೊಳ್ಳಾಕ ಎಷ್ಟು ದೊಡ್ಡ ಮನಸ್ಸು ಬೇಕು, ನೋಡ್ರಿ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

ನಾನು ಕೈ ಮುಗಿದು ಕೂತುಬಿಟ್ಟೆ.