ಲ್ಯಾಪ್‌ಟಾಪಿನ ಎರಡು ಚಿಪ್‌ಗಳ ಪ್ರಭಾರ ಹಸ್ತಾಂತರದ ಕುರಿತು

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ, ಟೈಪು ಮಾಡುವಾಗ ಅಂಗೈ ಊರುವ ಜಾಗದಲ್ಲಿ, ಎರಡು ಅಂಟುಚೀಟಿಗಳಿವೆ. ಬಲಗಡೆಯದು ದೊಡ್ಡದು, ಮಿರುಗುವಂಥದ್ದು, ಬಾಗಿಲಿಗೆ ಹಾಕಿದ ಅಧಿಕಾರಿಗಳ ನಾಮಫಲಕದಂತೆ ಠೀವಿಯುಳ್ಳದ್ದು. ಎಡಗಡೆಯದು ಸಣ್ಣದು, ಅಂಗೈ ತಾಗಿ ತಾಗಿ ಅಕ್ಷರ ಅಳಿಸಿ, ಒಂದು ಮೂಲೆ ಮೇಲೆದ್ದು, ಆ ಮೂಲೆಯಡಿ ಧೂಳು ಸೇರಿ ಕಪ್ಪಾಗಿದೆ. ಪ್ರತಿ ಭಾನುವಾರ ಒರೆಸುವಾಗಲೂ ಇದನ್ನೊಂದು ದಿನ ಉಗುರಿನಿಂದ ಕೆತ್ತಿ ತೆಗೆಯಬೇಕೆಂದು ನಾನು ನಿರ್ಣಯಿಸುತ್ತಿದ್ದೆ. ಸದರಿ ನಿರ್ಣಯ ಜಾರಿಗೆ ಬರಲಿಲ್ಲ. ಏಕೆ ಬರಲಿಲ್ಲವೆಂಬುದೇ ಈ ಬರಹದ ವಿಷಯವಾಗಿರುತ್ತದೆ.

ಮುಂದುವರಿಯುವ ಮುನ್ನ ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ನಾನು ಹಳಿಯಾಳದ ಒಂದು ಕಚೇರಿಯಲ್ಲಿ ಟಪಾಲು ರವಾನೆ ನೋಡಿಕೊಳ್ಳುವ ಗುಮಾಸ್ತೆ. ಮೇಲಿನವರು ಬರೆದದ್ದನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಕಳುಹಿಸುವುದು ನನ್ನ ಕೆಲಸ. ಸ್ವಂತದ್ದೆಂದು ಇದುವರೆಗೆ ಏನನ್ನೂ ಬರೆದವಳಲ್ಲ. ಸಾಹಿತಿಗಳು ಮೊದಲ ವಾಕ್ಯಕ್ಕಾಗಿ ದಿನಗಟ್ಟಲೆ ತಪಸ್ಸು ಮಾಡುತ್ತಾರೆಂದು ಕೇಳಿದ್ದೇನೆ. ನನಗೆ ‘ಸಂಬಂಧಿಸಿದಂತೆ’ ಎಂಬ ಪದವಿಲ್ಲದೆ ಲೇಖನಿಯೇ ಏಳುವುದಿಲ್ಲ. ಲೋಪದೋಷಗಳಿದ್ದಲ್ಲಿ ಓದುಗರು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕಾಗಿ ಕೋರಿಕೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರು ಶಿವಾನಂದರು ಸರಕಾರಿ ಬಸ್ಸಿನ ಚಾಲಕರು. ಹಳಿಯಾಳದಿಂದ ಹೊರಟು ದಾಂಡೇಲಿ, ಜೋಯಿಡಾ ದಾಟಿ ಕಾಡಿನೊಳಗೆ ಸುತ್ತಿ ಸುತ್ತಿ ಉಳವಿ ಮುಟ್ಟುವ ಬಸ್ಸು ಅವರದು. ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ದೈವಕೃಪೆಯಿಂದ ಕೈಕಾಲು ಸರಿಹೋದವು, ಮಾತು ಮರಳಿತು. ಆದರೆ ನೋಟದ ಎಡಭಾಗ ಮಾತ್ರ ಹೋದದ್ದು ಬರಲಿಲ್ಲ. ಕಣ್ಣು ಎರಡೂ ನೆಟ್ಟಗಿವೆ, ಕಾಣುವ ಲೋಕ ಅರ್ಧವೇ. ಇದು ನನಗೆ ಮೊದಲು ತಿಳಿದದ್ದು ಊಟದ ತಟ್ಟೆಯಿಂದ.

“ಇವತ್ತ ಚಟ್ನಿ ಮಾಡಿಲ್ಲೇನು?” ಎಂದರು. ಚಟ್ನಿ ತಟ್ಟೆಯ ಎಡಗಡೆ, ಯಾವತ್ತೂ ಇರುವಲ್ಲಿಯೇ ಇತ್ತು. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಚಟ್ನಿ ಕಾಣಿಸಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ರೊಟ್ಟಿ ಮುರಿದುಕೊಂಡು ಉಂಡರು.

ಅಂಥವರ ಕೈಗೆ ಬಸ್ಸು ಕೊಡಲಾಗದು. ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು, ಕೊಟ್ಟದ್ದು ನ್ಯಾಯವೇ. ಆದರೆ ಅಂದಿನಿಂದ ನಮ್ಮ ಮನೆಯವರು ಪ್ರಯಾಣಿಕರಾಗಿಯೂ ಬಸ್ಸು ಹತ್ತುವುದನ್ನು ಬಿಟ್ಟರು. ಮುಂಡಗೋಡ ತಾಲ್ಲೂಕಿನ ಇಂದೂರಿನಲ್ಲಿ ನನ್ನ ತಂಗಿಯ ಮನೆಯಿದೆ. ಹಬ್ಬಕ್ಕೆ ಕರೆದಳು, ಮಗುವಿನ ತೊಟ್ಟಿಲಿಗೆ ಕರೆದಳು. “ನೀ ಹೋಗಿ ಬಾ. ನಾ ಬರಂಗಿಲ್ಲ” ಎಂಬ ಒಂದೇ ಉತ್ತರ. ಡಿಪೋಕ್ಕೆ ನಡೆದು ಹೋಗುವುದು, ನಡೆದು ಬರುವುದು, ಗೋಡೆಯ ಕಡೆ ಮುಖ ಮಾಡಿ ಕೂರುವುದು. ಊರೂರು ಸುತ್ತಿದ ಮನುಷ್ಯ ಹೀಗೆ ಒಂದೇ ಓಣಿಯಲ್ಲಿ ಮುಗಿದುಹೋಗುವನೇನೋ ಎಂಬ ಭಯ ನನ್ನನ್ನು ಹಿಡಿಯಿತು.

ಈ ಹಂತದಲ್ಲಿ ಪ್ರಸ್ತಾವನೆ ಮಂಡಿಸಿದವನು ಜುಜೆ. ಜುಜೆ ನಮ್ಮವರ ಜೊತೆಗಿನ ಕಂಡಕ್ಟರ್. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಕುಟುಂಬದವನು, ರಜೆಯಿದ್ದ ದಿನ ಚಹಾಕ್ಕೆ ನಮ್ಮಲ್ಲಿಗೇ ಬರುವವನು. “ವೈನಿ, ಕಂಪ್ಯೂಟರಿನ್ಯಾಗ ಬಸ್ ಓಡ್ಸೂ ಆಟ ಐತಂತ. ಗೇರು, ಬ್ರೇಕು, ಘಾಟು ಎಲ್ಲಾ ಖರೇನ ಇದ್ದಂಗ. ಸಾಹೇಬ್ರಿಗೆ ಹಾಕ್ಕೊಡ್ರಿ. ಪ್ಯಾಸೆಂಜರ್ ಅಂತೂ ಚಿಲ್ಲರೆ ಕೇಳಿ ಜಗಳಾ ತಗಿಯಂಗಿಲ್ಲ.”

ದಾಂಡೇಲಿಯಲ್ಲಿ ಕೆಲಸಕ್ಕಿರುವ ಮಗಳು ಹೊಸದನ್ನು ಕೊಂಡು ಹಳೆಯ ಲ್ಯಾಪ್‌ಟಾಪನ್ನು ನಮಗೆ ಬಿಟ್ಟಿದ್ದಳು. ಆಟವನ್ನು ಅದಕ್ಕೆ ಹಾಕಿದೆವು. ಓಡಿತು, ಆದರೆ ಹೇಗೆಂದರೆ, ಬಸ್ಸು ಮುಂದೆ ಹೋದ ಮೇಲೆ ರಸ್ತೆ ಬರುತ್ತಿತ್ತು, ಮರಕ್ಕೆ ಗುದ್ದಿದ ಮೇಲೆ ಮರ ಹುಟ್ಟುತ್ತಿತ್ತು. ನಮ್ಮವರು ಸ್ವಲ್ಪ ಹೊತ್ತು ನೋಡಿ, “ಇದಕ್ಕೂ ಲಕ್ವ ಹೊಡದೈತಿ” ಎಂದು ಎದ್ದುಹೋದರು. ನಗೆಯಾಡಿದ್ದೇ ಇರಬೇಕು, ಆದರೆ ನಮ್ಮಲ್ಲಿ ಯಾರೂ ನಗಲಿಲ್ಲ.

ಫೋನಿನಲ್ಲಿ ಮಗಳನ್ನು ವಿಚಾರಿಸಲಾಗಿ ಹೊರಬಂದ ಸಂಗತಿ ಹೀಗಿದೆ. ಸದರಿ ಯಂತ್ರದಲ್ಲಿ ಚಿತ್ರ ಬಿಡಿಸುವ ಚಿಪ್‌ಗಳು ಎರಡು. ಒಂದು ಸಣ್ಣದು, ಮಿತವ್ಯಯಿ, ಪತ್ರ ಟೈಪು ಮಾಡುವಂಥ ದಿನಗೆಲಸಕ್ಕೆ. ಇನ್ನೊಂದು ದೊಡ್ಡದು, ಭಾರಿ ಕೆಲಸ ಬಿದ್ದಾಗ ಮಾತ್ರ ಏಳುವಂಥದ್ದು. ಮೇಲ್ಕಂಡ ಅಂಟುಚೀಟಿಗಳು ಇವೆರಡರ ಹೆಸರಿನವೇ, ಸಣ್ಣ ಚೀಟಿ ಸಣ್ಣದರದು, ದೊಡ್ಡ ಚೀಟಿ ದೊಡ್ಡದರದು. ಸರದಿಯಂತೆ ಇಬ್ಬರೂ ಕೆಲಸ ಮಾಡಬೇಕಾದರೆ ಇಬ್ಬರನ್ನೂ ನಡೆಸುವ ಒಂದು ತಂತ್ರಾಂಶ ಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿಸಿದಾಗ ಹಳೆಯ ಡ್ರೈವರ್ ನಿವೃತ್ತಿಯಾಯಿತು. ಲ್ಯಾಪ್‌ಟಾಪ್ ಮಾಡಿದವರು ಹೊಸದನ್ನು ಕೊಡಲಿಲ್ಲ. ಚಿಪ್ ಮಾಡಿದವರ ಡ್ರೈವರ್ ಹಾಕಹೋದರೆ, ನಿಮ್ಮ ಯಂತ್ರ ನಮ್ಮ ಪಟ್ಟಿಯಲ್ಲಿಲ್ಲವೆಂದು ಅದು ಬಾಗಿಲಲ್ಲೇ ತಡೆಯುತ್ತಿತ್ತು. ಹೀಗಾಗಿ ದೊಡ್ಡ ಚಿಪ್ ಮೈಮೇಲೆ ಕೆಲಸವಿಲ್ಲದೆ ಒಳಗೆ ಕುಳಿತಿತ್ತು.

“ಹಂಗಾದ್ರ ಡ್ರೈವರ್ ಇಲ್ದ ನಿಂತ ಗಾಡಿ ಅನ್ನು” ಎಂದರು ನಮ್ಮವರು, ಗೋಡೆಯ ಕಡೆಗೇ ನೋಡುತ್ತ.

ಮಗಳು ಒಂದು ಜಾಲತಾಣದ ವಿಳಾಸ ಕಳುಹಿಸಿದಳು. ಓದುಗರೇ, ಅದನ್ನು ತೆರೆದು ಓದಿದಾಗ ನನಗಾದ ವಿಸ್ಮಯವನ್ನು ಯಾವ ನಮೂನೆಯಲ್ಲಿ ನಿವೇದಿಸಲಿ? ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಜನ, ಕಂಪನಿಗಳು ಕೈಬಿಟ್ಟ ಯಂತ್ರಗಳಿಗಾಗಿ ಡ್ರೈವರ್‌ಗಳನ್ನು ಬಿಚ್ಚಿ, ತಿದ್ದಿ, ಮತ್ತೆ ಹೊಲಿದು, ಯಾರಿಗೆ ಬೇಕೋ ಅವರು ಒಯ್ಯಿರೆಂದು ಇಟ್ಟಿದ್ದಾರೆ. ಅರವಟ್ಟಿಗೆಯಲ್ಲಿ ನೀರಿಟ್ಟವರು ಕುಡಿಯುವವನ ಹೆಸರು ಕೇಳುವುದಿಲ್ಲ. ಆದರೆ ಇವರು ಕೇಳುತ್ತಾರೆ: ನಿಮ್ಮ ಯಂತ್ರ ಯಾವುದು, ಅದರ ಗುರುತಿನ ಸಂಖ್ಯೆ ಏನು, ಪಟ್ಟಿಯಲ್ಲಿ ಸೇರಿಸಿಕೊಡುತ್ತೇವೆ ಎಂದು. ನನ್ನ ಸೇವಾವಧಿಯಲ್ಲಿ, ಪಟ್ಟಿಯಲ್ಲಿಲ್ಲದವರನ್ನು ತಾವಾಗಿ ಕರೆದು ಸೇರಿಸಿಕೊಳ್ಳುವವರನ್ನು ನಾನು ಕಂಡದ್ದು ಅದೇ ಮೊದಲು.

ನನಗೆ ಬರುವ ಇಂಗ್ಲಿಷು ಕಚೇರಿಯದೊಂದೇ. ಆದ್ದರಿಂದ ಆ ಜಾಲತಾಣದ ಗೌರವಾನ್ವಿತ ಸದಸ್ಯರಿಗೆ ವಿಷಯ, ಉಲ್ಲೇಖ, ವಿನಂತಿಗಳೊಡನೆ ಒಂದು ಅರ್ಜಿ ಹಾಕಿದೆ. ಹಿಮ ಬೀಳುವ ಯಾವುದೋ ದೇಶದ ಒಬ್ಬಾತ ಉತ್ತರಿಸಿದ. ಬೇರೆಯವರೊಡನೆ ಗೆಳೆಯನಂತೆ ಒಂದೆರಡು ಪದಗಳಲ್ಲಿ ಮಾತಾಡುವ ಆತ ನನಗೆ ಮಾತ್ರ ಗೌರವಾನ್ವಿತ ಮಹನೀಯರೇ ಎಂದು ಆರಂಭಿಸಿ ತಮ್ಮ ವಿಶ್ವಾಸಿ ಎಂದು ಮುಗಿಸಿದ್ದ. ತಿದ್ದಿದ ಡ್ರೈವರಿನ ಕಟ್ಟನ್ನು ಲಗತ್ತಿಸಿ, ಅದರೊಳಗಿನ ಪಟ್ಟಿಯಲ್ಲಿ ನಮ್ಮ ಯಂತ್ರದ ಸಂಖ್ಯೆಯನ್ನು ನಾನೇ ಎಲ್ಲಿ ಬರೆದುಕೊಳ್ಳಬೇಕೆಂದು ತೋರಿಸಿದ್ದ. ಬರೆದೆ. ಆದರೆ ಕೊನೆಯ ಸೂಚನೆ ಹೀಗಿತ್ತು. ಪಟ್ಟಿಯನ್ನು ತಿದ್ದಿದ್ದರಿಂದ ಮೂಲ ಕಂಪನಿಯ ಸಹಿ ಇನ್ನು ಊರ್ಜಿತವಲ್ಲ. ಯಂತ್ರವನ್ನು ಮತ್ತೆ ಚಾಲೂ ಮಾಡುವಾಗ ಸಹಿಯ ಪರಿಶೀಲನೆಯನ್ನು ರದ್ದುಪಡಿಸತಕ್ಕದ್ದು. ಸಹಿಯಿಲ್ಲದ ಕಾಗದವನ್ನು ಮೇಜಿನ ಮೇಲಿಡಲೂ ಬಿಡದ ನಾನು, ದೇವರ ಗೂಡಿನ ಕಡೆ ಒಮ್ಮೆ ನೋಡಿ, ರದ್ದುಪಡಿಸಿದೆ.

ಇಲ್ಲಿ ನಾನೊಂದು ಪ್ರಮಾದವೆಸಗಿದೆ. ಕಚೇರಿಯಲ್ಲಿ ಕಾಯಂ ಅಧಿಕಾರಿ ಹಾಜರಾದ ಕೂಡಲೇ ಪ್ರಭಾರಿಯ ಅಧಿಕಾರ ಮುಗಿಯುತ್ತದೆ; ಒಂದು ಕುರ್ಚಿಗೆ ಇಬ್ಬರು ಸಲ್ಲರು. ದೊಡ್ಡ ಚಿಪ್ ಹಾಜರಾಗುತ್ತಿದ್ದಂತೆ, ಇಷ್ಟು ದಿನ ಪ್ರಭಾರದಲ್ಲಿದ್ದ ಸಣ್ಣದು ಇನ್ನೇಕೆ ಬೇಕೆಂದು ಅದರ ಹೆಸರನ್ನು ಪಟ್ಟಿಯಿಂದ ನಾನೇ ತೆಗೆದು, ಅದರ ಕೆಲಸವನ್ನೂ ನಿಲ್ಲಿಸಿದೆ. ಆತ ಹೇಳಿರಲಿಲ್ಲ; ನಿಯಮ ಹೇಳಿತ್ತು. ಯಂತ್ರ ಮತ್ತೆ ಎದ್ದಾಗ ಪರದೆ ಕಪ್ಪು. ಒಳಗೆ ಫ್ಯಾನು ಭರ್ರನೆ ತಿರುಗುತ್ತಿದೆ, ಯಾರೋ ಮೈಮುರಿದು ದುಡಿಯುತ್ತಿದ್ದಾರೆಂದು ತಿಳಿಯುತ್ತಿದೆ, ಹೊರಗೆ ಅಮಾವಾಸ್ಯೆ.

ಕಚೇರಿಯ ಕಂಪ್ಯೂಟರಿನಿಂದ, ಊಟದ ಬಿಡುವಿನಲ್ಲಿ, ತಪ್ಪೊಪ್ಪಿಗೆಯ ಪತ್ರ ಬರೆದೆ. ಮರುದಿನ ಬಂದ ಉತ್ತರವನ್ನು ಎಷ್ಟು ಸಲ ಓದಿದೆನೋ. ಈ ಬಗೆಯ ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಚಿಪ್ಪಿಗೆ ಪರದೆಯವರೆಗೆ ಹೋಗುವ ದಾರಿಯೇ ಇಲ್ಲವಂತೆ. ಪರದೆಗೆ ತಂತಿಯಿರುವುದು ಸಣ್ಣದರಿಂದ ಮಾತ್ರ. ದೊಡ್ಡದು ಎಂಥ ಚಿತ್ರ ಬಿಡಿಸಿದರೂ ಒಂದೊಂದನ್ನೂ ತಂದು ಸಣ್ಣದರ ಕೈಗೆ ಕೊಡಬೇಕು. ಸಣ್ಣದು ಅದನ್ನು ಪರದೆಗೆ ಮುಟ್ಟಿಸಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ, ಎಡೆಬಿಡದೆ. ಸಣ್ಣದನ್ನು ಮನೆಗೆ ಕಳುಹಿಸಿದರೆ ದೊಡ್ಡದರ ಕೆಲಸವೆಲ್ಲ ಕತ್ತಲಲ್ಲೇ ಉಳಿಯುತ್ತದೆ.

ಓದುಗರೇ, ಮೇಜಿನ ಮೇಲೆ ಆ ದಿನದ ಲಕೋಟೆಗಳು ರಾಶಿ ಬಿದ್ದಿದ್ದವು. ಯಾರ ಯಾರದೋ ಆದೇಶಗಳು, ಯಾರ ಯಾರದೋ ಗಂಭೀರ ಸಹಿಗಳು. ನಾನು ಅವಕ್ಕೆ ಗೋಂದು ಹಚ್ಚುತ್ತ, ಈ ಯಂತ್ರವನ್ನು ಕಲ್ಪಿಸಿದವರು ರವಾನೆ ವಿಭಾಗವೊಂದನ್ನು ಒಳಗೇ ಇಟ್ಟಿದ್ದಾರಲ್ಲಾ ಎಂದು ಬೆರಗಾಗಿ ಕುಳಿತೆ. ನನ್ನ ಕೆಲಸವನ್ನು ನಾನು ಅಷ್ಟು ಗೌರವದಿಂದ ಹಿಂದೆಂದೂ ಮಾಡಿರಲಿಲ್ಲ.

ಆತ ಕಲಿಸಿದಂತೆ, ಸೇಫ್ ಮೋಡ್ ಎಂಬ ತುರ್ತು ಬಾಗಿಲಿನಿಂದ ಯಂತ್ರದೊಳಗೆ ಹೊಕ್ಕು, ಸಣ್ಣದನ್ನು ಮರಳಿ ಸೇವೆಗೆ ತೆಗೆದುಕೊಂಡೆ. ಭಾನುವಾರ ಮಧ್ಯಾಹ್ನ ಜುಜೆಯೂ ಬಂದಿದ್ದ. ಆಟ ತೆರೆಯಿತು. ನಮ್ಮಂತೆಯೇ ರಸ್ತೆಯ ಎಡಕ್ಕೆ ಗಾಡಿ ಓಡಿಸುವ ಯಾವುದೋ ದೇಶದ ಘಟ್ಟ. ಆದರೆ ಓದುಗರೇ, ಅದು ಜೋಯಿಡಾ ದಾಟಿದ ಮೇಲಿನ ಕಾಡೇ ಆಗಿತ್ತು. ಒಂದೊಂದು ಎಲೆ ಬೇರೆ ಬೇರೆ ಅಲುಗುತ್ತಿತ್ತು. ಬಿಸಿಲು ಮರಗಳ ನಡುವಿನಿಂದ ಕೋಲುಕೋಲಾಗಿ ಇಳಿದು ಬಸ್ಸಿನ ಗಾಜಿನ ಮೇಲೆ ಹಾಯ್ದುಹೋಗುತ್ತಿತ್ತು. ಮೊದಲ ಸಲ ಮಣ್ಣಿನ ಹೆಂಟೆಯಂತೆ ಕಂಡಿದ್ದ ಗುಡ್ಡ ದೂರದಲ್ಲಿ ನೀಲಿಯಾಗಿ ನಿಂತಿತ್ತು. ನಮ್ಮವರು ಕುರ್ಚಿ ಎಳೆದುಕೊಂಡರು. ಕೀಲಿಮಣೆಯನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ಪ್ರತಿ ಬೆಳಿಗ್ಗೆ ಸ್ಟೇರಿಂಗಿಗೆ ಮಾಡುತ್ತಿದ್ದ ನಮಸ್ಕಾರ ಅದು.

ಹೊರಟ ಬಸ್ಸು ಎಡಗಡೆಯ ಕಲ್ಲಿಗೆ ಬಡಿಯಿತು. ಹಿಂದೆ ತೆಗೆದು ಮತ್ತೆ ಹೊರಟರೆ ಎಡಗಡೆಯ ಮರ. ಮೂರನೆಯ ಬಾರಿಗೆ ಅವರು ಕೈ ಹಿಂದೆಗೆದರು. “ಸಾಕು. ಬಂದ್ ಮಾಡು. ಅರ್ಧಾ ರಸ್ತಾದಾಗ ಎಂಥಾ ಗಾಡಿ ಓಡ್ಸೂದು.”

ಜುಜೆ ಬಿಸ್ಕೀಟು ಕಡಿಯುತ್ತ ಕೇಳಿದ, “ಸಾಹೇಬ್ರ, ಎಡಗಡಿ ನಿಮ್ಮದು ಯಾವಾಗ ಆಗಿತ್ರಿ?”

“ಅಂದ್ರ?”

“ಉಳವಿ ದಾರ್ಯಾಗ ಎದುರಿಗೆ ಲಾರಿ ಬಂದ್ರ ನೀವು ಬಲಗಡಿ ನೋಡ್ತಿದ್ರಿ. ಎಡಗಡಿ ಬಾಗಲ್ದಾಗ ನೇತಾಡಿ ‘ಬರ್ಲಿ ಬರ್ಲಿ’ ಅಂತಿದ್ದಾಂವ ನಾನು. ನೀವು ಒಮ್ಮೆರ ಹೊಳ್ಳಿ ನೋಡೀರೇನು? ಈಗ ಬಂದು ಎಡಗಡಿ ಕಾಣಂಗಿಲ್ಲ ಅಂತೀರಿ. ಯಾವತ್ತ ಕಂಡಿತ್ತು?”

ನಮ್ಮವರು ಕೈಯನ್ನು ಮತ್ತೆ ಕೀಲಿಮಣೆಯ ಮೇಲಿಟ್ಟರು. ಜುಜೆ ಕುರ್ಚಿಯನ್ನು ಅವರ ಎಡಕ್ಕೆ ತಂದು ಹಾಕಿಕೊಂಡ. ಸ್ಟೀಲಿನ ಲೋಟಕ್ಕೆ ಚಮಚದಿಂದ ಟಿಣ್ ಟಿಣ್ ಎಂದು ಬಡಿದ. ಬಸ್ಸು ಹೊರಟಿತು. “ಬರ್ಲಿ, ಬರ್ಲಿ... ಗಟಾರ ಐತಿ, ಬಲಕ್ಕ ತಗೋರಿ... ಹಾಂ, ಹೋಲ್ಡ್.” ಬಸ್ಸು ತಿರುವಿನ ಮೇಲೆ ತಿರುವು ದಾಟಿತು. ಚಹಾ ಆರಿತು, ಯಾರೂ ಕುಡಿಯಲಿಲ್ಲ. ನಾನು ಹಿಂದೆ ನಿಂತು, ಒಳಗೆ ಎರಡು ಚಿಪ್, ಹೊರಗೆ ಇಬ್ಬರು ಗಂಡಸರು, ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಗಿ ಬರುತ್ತಿರುವ ಆ ಕಾಡನ್ನು ನೋಡುತ್ತಿದ್ದೆ. ಹಿಮದ ದೇಶದ ಆ ವಿಶ್ವಾಸಿಗೆ ಇದನ್ನು ಯಾವ ಶೀರ್ಷಿಕೆಯಡಿ ವರದಿ ಮಾಡಲೆಂದು ಹೊಳೆಯಲಿಲ್ಲ. ‘ಬಸ್ಸು ತಲುಪಿತು’ ಎಂದಷ್ಟೇ ಬರೆದೆ.

ಜುಜೆಗೆ ಡ್ಯೂಟಿಯಿರುವ ದಿನಗಳಲ್ಲಿ ಎಡಗಡೆಯ ಕುರ್ಚಿ ನನ್ನದಾಯಿತು. ಮೊದಮೊದಲು ನಾನು “ದಯವಿಟ್ಟು ಸ್ವಲ್ಪ ಬಲಕ್ಕೆ” ಎನ್ನುವಷ್ಟರಲ್ಲಿ ಬಸ್ಸು ಗಟಾರದಲ್ಲಿರುತ್ತಿತ್ತು. “ಅರ್ಜಿ ಬರೀಬ್ಯಾಡ, ಕೂಗು” ಎಂದರು ನಮ್ಮವರು. ಕೂಗುವುದನ್ನು ಕಲಿತೆ. ಹೀಗೊಂದು ಸಂಜೆ ಘಟ್ಟವಿಳಿದು ಬಸ್ಸು ನಿಲ್ಲಿಸಿ, ಪರದೆಯನ್ನೇ ನೋಡುತ್ತ ಅವರೆಂದರು, “ಶಾಂತಾ, ಈ ಐತವಾರ ಇಂದೂರಿಗೆ ಹೋಗೂಣು. ಕೂಸು ದೊಡ್ಡದಾಗಿರಬೇಕು.”

“ಹೆಂಗ ಹೋಗೂದ್ರಿ?” ಎಂದೆ, ಕೇಳಬಾರದ್ದನ್ನು ಕೇಳಿದೆನೇನೋ ಎಂದು ಹೆದರುತ್ತ.

“ಬಸ್ಸಿನ್ಯಾಗ. ಮತ್ತ ಹೆಂಗ? ನೀ ಎಡಗಡಿ ಕೂಡು.”

ಹೋದೆವು. ಬಸ್ಸು ನಡೆಸುತ್ತಿದ್ದವರು ಹೊಸಬರು, ಪರಿಚಯವಿಲ್ಲ. ನಾನು ಕಿಟಕಿಯ ಪಕ್ಕ, ಅವರ ಎಡಕ್ಕೆ. ಕಾಡು ಮುಗಿದು ಗದ್ದೆ ಶುರುವಾಗುವಲ್ಲಿ ಕಿರಿದಾದ ಸೇತುವೆಯೊಂದರ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದಾಗ, ನನಗರಿವಿಲ್ಲದೆ, ಅವರಿಗಷ್ಟೇ ಕೇಳುವಂತೆ “ಬರ್ಲಿ, ಬರ್ಲಿ” ಎಂದೆ. ಸ್ಟೇರಿಂಗಿಲ್ಲದ ಅವರ ಕೈಗಳು ಮೊಣಕಾಲಿನ ಮೇಲೆ ಚೂರು ಎಡಕ್ಕೆ ತಿರುಗಿದವು.

ಮರಳಿದ ಮೇಲೆ ರೂಢಿಯಂತೆ ಲ್ಯಾಪ್‌ಟಾಪನ್ನು ಒರೆಸಿದೆ. ಎಡಗಡೆಯ ಸಣ್ಣ ಚೀಟಿಯ ಮೂಲೆ ಇನ್ನಷ್ಟು ಎದ್ದಿತ್ತು. ಅದರಡಿಯ ಧೂಳನ್ನು ಮೃದುವಾಗಿ ತೆಗೆದು, ಲಕೋಟೆಗೆ ಹಚ್ಚುವ ಗೋಂದನ್ನು ಬೆರಳ ತುದಿಯಿಂದ ಸವರಿ, ಅಂಟುವವರೆಗೆ ಒತ್ತಿ ಹಿಡಿದೆ. ಈ ಮೂಲಕ ಹಿಂದಿನ ನಿರ್ಣಯವನ್ನು ರದ್ದುಪಡಿಸಲಾಗಿದೆ.