ದೊಡ್ಡಮ್ಮನ ಮಗನೇ ವರ

ಮೂಗಿನ ಮೇಲೆ ಚಾಳೀಸು ಕೂತ ಮೇಲೆ ಕಾಲೇಜಿಗೆ ಸೇರುವವಳನ್ನು ಎಲ್ಲರೂ ಹೊಗಳುತ್ತಾರೆ. ಅವಳು ಫೇಲಾದರೆ ಏನು ಹೇಳಬೇಕೆಂದು ಮಾತ್ರ ಯಾರಿಗೂ ತೋಚುವುದಿಲ್ಲ. ನಾನು ಡೇಟಾಬೇಸ್ ವಿಷಯದಲ್ಲಿ ಒಮ್ಮೆ ಫೇಲಾದವಳು. ಮದುವೆಯಾಗಿ ಮುಂಬಯಿಯ ಕುರ್ಲಾಕ್ಕೆ ಬಂದಾಗ ಅರ್ಧಕ್ಕೆ ನಿಂತ ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಮುಗಿಸಲು ಹೊರಟಿದ್ದೆ. ಉಳಿದದ್ದು ಅದೊಂದೇ ವಿಷಯ. ಈ ಸಲವೂ ಹೋದರೆ ಮತ್ತೆ ಕೂರುವ ಧೈರ್ಯ ನನಗಿರಲಿಲ್ಲ.

ಹಾಗೆ ನೋಡಿದರೆ ಡೇಟಾಬೇಸ್ ಭೂತವೇನಲ್ಲ. ಅಡುಗೆಮನೆಯ ಡಬ್ಬಗಳಂತೆ ಮಾಹಿತಿಯನ್ನು ಒಂದೊಂದು ಕೋಷ್ಟಕದಲ್ಲಿ ತುಂಬಿ, ಯಾವುದಕ್ಕೆ ಯಾವುದು ಸಂಬಂಧ ಎಂದು ಕೊಂಡಿ ಹಾಕುವುದು, ಅಷ್ಟೆ. ಮೊದಲ ಪಾಠವೇ, ಪ್ರತಿಯೊಬ್ಬರಿಗೂ ಬೇರೆ ಗುರುತು ಬೇಕು, ಹೆಸರು ಸಾಲದು ಎಂಬುದು. ಅದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಾಟುಂಗದ ನಮ್ಮ ಸಂಘದಲ್ಲಿ ‘ಸುಧಾಕರಣ್ಣ’ ಎಂದು ಕೂಗಿದರೆ ಅರ್ಧ ಸಭೆ ತಿರುಗಿ ನೋಡುತ್ತದೆ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಆ ಸಂಘದ ವಧೂವರರ ಸಮಾವೇಶವನ್ನೇ. ನಮ್ಮ ತುಳುನಾಡಿನ ಕಡೆ ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಪಠ್ಯಪುಸ್ತಕದಲ್ಲಿ ಮಕ್ಕಳನ್ನು ತಂದೆಗೆ ಜೋಡಿಸಿದ್ದರು. ನಾನೂ ವಿಧೇಯಳಾಗಿ ಬಳಿಯನ್ನು ತಂದೆಯಿಂದಲೇ ಇಳಿಸಿದೆ. ಪ್ರಯೋಗಕ್ಕೆಂದು ನೆಂಟರ ಹೆಸರುಗಳನ್ನು ತುಂಬಿ, ಮಗಳು ಅಪೇಕ್ಷಾಳಿಗೆ ವರ ತೋರಿಸು ಎಂದು ಕಂಪ್ಯೂಟರನ್ನು ಕೇಳಿದೆ.

ತೆರೆಯ ಮೇಲೆ ಬಂದ ಹೆಸರನ್ನು ಅಪೇಕ್ಷಾ ಇಣುಕಿ ನೋಡಿದಳು. “ಮಮ್ಮಿ, ಇದು ರೋಹನ್ ಅಣ್ಣ ಅಲ್ವಾ? ನಾನು ಅವನಿಗೆ ರಾಖಿ ಕಟ್ತೇನೆ ನಾ?”

ರೋಹನ್ ನನ್ನ ಅಕ್ಕನ ಮಗ. ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ. ಹುಟ್ಟಿದಂದಿನಿಂದ ಗೊತ್ತಿದ್ದ ಸಂಗತಿ ಪುಸ್ತಕ ತೆರೆದೊಡನೆ ಮರೆತುಹೋಗಿತ್ತು. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಆ ಸಿಟ್ಟಿಗೆ ತಂದೆಯ ಕೊಂಡಿಯನ್ನೇ ಕಿತ್ತುಹಾಕಿ ತಾಯಿಗೆ ಜೋಡಿಸಿದೆ. ರೋಹನ್ ಮಾಯವಾದ. ಅಷ್ಟನ್ನೇ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ಮೌಖಿಕ ಪರೀಕ್ಷೆಗೆ ಬಂದವರು ಒಬ್ಬ ಹಿರಿಯ ಮರಾಠಿ ಪ್ರಾಧ್ಯಾಪಕರು. ಅವರೆದುರು ಅದೇ ಪ್ರಶ್ನೆ ಕೇಳಿದಾಗ ತೆರೆಯ ಮೇಲೆ ಬಂದವನು ನಿಖಿಲ್, ನನ್ನ ಮೈದುನನ ಮಗ. ತಾಯಿ ಬೇರೆ, ಬಳಿ ಬೇರೆ. ಆದರೆ ಅಪೇಕ್ಷಾಳಿಗೆ ಚಿಕ್ಕಪ್ಪನ ಮಗ.

“ಯೇ ಲಡ್ಕಾ ಚಲೇಗಾ?” ಈ ಹುಡುಗ ಆದೀತೇ ಎಂದು ಕೇಳಿದರು ಅವರು.

ಚಲೇಗಾ ಎಂದಿದ್ದರೆ ಮುಗಿದಿತ್ತು. ನಿಖಿಲ್ ಯಾರೆಂದು ಅವರಿಗೇನು ಗೊತ್ತು? ಡಿಗ್ರಿ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಪಾಸಾಗುವ ಆಸೆಗೆ ಅಣ್ಣನನ್ನು ವರ ಎನ್ನಲು ಬಾಯಿ ಬರಲಿಲ್ಲ.

“ನಹೀ ಸರ್, ಯೇ ಭೀ ಭಾಯಿ ಹೈ,” ಇವನೂ ಅಣ್ಣನೇ ಎಂದೆ.

ಅವರು ಪೆನ್ನು ಕೆಳಗಿಟ್ಟರು. ನಾನು ನಮ್ಮ ಮನೆಯ ಸಂಬಂಧಗಳನ್ನೆಲ್ಲ ಹಾಳೆಯ ಮೇಲೆ ಬಿಡಿಸಿ, ಬಳಿಗೆ ತಾಯಿ, ದಾಯಾದಿಗೆ ತಂದೆ, ಎರಡು ಕೊಂಡಿಯೂ ಬೇಕಿತ್ತು, ಒಂದನ್ನು ಕಿತ್ತದ್ದೇ ನನ್ನ ತಪ್ಪು ಎಂದೆ. “ತೋ ಲಗಾಯಿಯೇ,” ಹಾಗಾದರೆ ಹಾಕಿ ಎಂದರು. ಅಲ್ಲೇ ಕೂತು ಹಾಕಿದೆ. ನಿಖಿಲ್ ಹೋದ. ಪ್ರಾಧ್ಯಾಪಕರು ನಕ್ಕು, ಈ ವಿಷಯದಲ್ಲಿ ಇಷ್ಟು ಕಲಿತರೆ ಸಾಕು ಎಂದರು.

ಪಾಸಾದೆ. ಈಗ ಸಂಘದವರು ಮುಂದಿನ ಸಮಾವೇಶಕ್ಕೆ ನನ್ನ ಡೇಟಾಬೇಸನ್ನೇ ಬಳಸೋಣ ಎನ್ನುತ್ತಿದ್ದಾರೆ. ಅಪೇಕ್ಷಾಳದು ಮಾತ್ರ ಒಂದೇ ಬೇಡಿಕೆ: “ಮಮ್ಮಿ, ಫಸ್ಟ್ ನನ್ನನ್ನು ಡಿಲೀಟ್ ಮಾಡು. ನಾನೇ ಹುಡುಕ್ತೇನೆ.”

ಅಳಿಸಿದೆ. ಅಮ್ಮ ಡೇಟಾಬೇಸ್ ಕಲಿತಳೆಂದು ಮಗಳು ಅದರೊಳಗೇ ಇರಬೇಕೆಂದೇನಿಲ್ಲವಲ್ಲ.